ಬ್ಲೇಡಿನ ಕೈಗುಣ

ಮಂಗಳವಾರದ ರಜೆ ಮುಗಿಸಿ ಬಾಗಿಲು ತೆಗೆದ ಗುತ್ತಲು ರಸ್ತೆಯ ಕಟಿಂಗ್ ಶಾಪೊಂದರಲ್ಲಿ ಮೊನ್ನೆ ಬುಧವಾರ ಬೆಳಗ್ಗೆ ಒಂದು ಭೂಮಿಪೂಜೆ ನಡೆಯಿತು. ಭೂಮಿ ಅಂದರೆ ನನ್ನ ಸೋದರಮಾವನ ಮಗನ ಮೇಲ್ದುಟಿ. ಹುಡುಗ ಫಸ್ಟ್ ಪಿಯುಸಿ. ಕಾಫಿ ಕುಡಿದು ಬಾಯಿ ಒರೆಸಿಕೊಳ್ಳದವನ ಹಾಗೆ ಅವನ ಮೂಗಿನ ಕೆಳಗೆ ಒಂದು ಮಬ್ಬು ಗೆರೆ ಇದೆ. ಅದನ್ನು ಕಾಲೇಜ್ ಡೇ ಹೊತ್ತಿಗೆ ಮೀಸೆ ಮಾಡಬೇಕು ಅನ್ನೋದು ಯೋಜನೆ. ಅದಕ್ಕೆ ಮಾವ ಕಂಡುಕೊಂಡ ದಾರಿ, ಇರೋದನ್ನೂ ಬೋಳಿಸೋದು.

"ಎರಡ್ ಕಿತ ಉಲ್ಟಾ ಎಳಿ ಕಣಪ್ಪ," ಅಂತ ಮಾವ ಅಂಗಡಿಯವನಿಗೆ ಆದೇಶ ಕೊಟ್ಟರು. "ಬುಡಕ್ಕೆ ಬಿಸಿ ಮುಟ್ಟಬೇಕು. ಆಗ ಬಿರುಸಾಗಿ ಬತ್ತದೆ."

"ಮಾವ, ಬೋಳಿಸಿದ್ರೆ ಜಾಸ್ತಿ ಬರಲ್ಲ," ಅಂದೆ ನಾನು. ಸುಮ್ನೆ ಪೇಪರ್ ಓದಿಕೊಂಡು ಕೂತಿರಬಹುದಿತ್ತು.

"ಸುಮ್ಕಿರ್ಲಾ ಅಳಿಯ. ಕಬ್ಬು ಕಡಿದ ಮೇಲೆ ಕೂಳೆ ಹೆಂಗೆ ಪೊದೆಪೊದೆಯಾಗಿ ಎದ್ದು ಬತ್ತದೆ? ಹಂಗೇಯ ಇದೂವೆ."

ಬೆಂಚಿನ ಮೇಲೆ ಕೂತಿದ್ದ ನಾಲ್ಕೂ ಜನ ತಲೆಯಾಡಿಸಿದರು. ಮಂಡ್ಯದಲ್ಲಿ ಒಂದು ಮಾತಿಗೆ ಕಬ್ಬಿನ ಉದಾಹರಣೆ ಸಿಕ್ಕಿಬಿಟ್ಟರೆ ಮುಗಿಯಿತು. ಸುಪ್ರೀಂ ಕೋರ್ಟಿಗೂ ಮೇಲ್ಮನವಿ ಇಲ್ಲ.

ಇದೇ ಮಾವ ಇದಕ್ಕೆ ಮುಂಚೆ ಒಮ್ಮೆ ಮನೆಯಲ್ಲಿ ದೊಡ್ಡ ರಾಮಾಯಣ ಮಾಡಿದ್ದರು. ಮೈಸೂರಿನ ಹಾಸ್ಟೆಲಿನಲ್ಲಿ ಓದುವ ಎರಡನೇ ಮಗಳು ರಜೆಗೆ ಬಂದಿದ್ದಳು. ಬಚ್ಚಲುಮನೆಯ ಕಿಟಕಿಯಲ್ಲಿ ಒಂದು ಗುಲಾಬಿ ಬಣ್ಣದ ರೇಜರ್ ಸಿಕ್ಕಿತು. ಅತ್ತೆ ಅದನ್ನು ಎರಡು ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದು ಪಡಸಾಲೆಗೆ ತಂದರು. ಮಾವ ಹೇಳಿದ ಮಾತು ಅಕ್ಷರ ಅಕ್ಷರ ಇದೇ: "ಬೋಳಿಸಿದ್ರೆ ಬಿರುಸಾಗಿ ಬತ್ತದೆ!" ಅಂಗಡಿಯಲ್ಲಿ ಈ ಮಾತು ಆಶೀರ್ವಾದ. ಮನೆಯಲ್ಲಿ ಇದೇ ಮಾತು ಶಾಪ. ಮಗನಿಗೆ ಬ್ಲೇಡ್ ಒಂದು ಸರ್ಕಾರಿ ಸವಲತ್ತು, ಮಗಳಿಗೆ ಅದೇ ಬ್ಲೇಡ್ ದಂಡದ ನೋಟೀಸು.

ಮೂರನೆಯ ಫಲಾನುಭವಿ ಮಾವನ ಮೊಮ್ಮಗಳು. ಹನ್ನೊಂದು ತಿಂಗಳ ಕೂಸು. ಹುಟ್ಟುಗೂದಲು ತೆಳ್ಳಗಿದೆ ಅಂತ ಈಗಾಗಲೇ ಎರಡು ಸಲ ಬೋಳಿಸಿದ್ದಾರೆ. ಮೂರನೆಯದು ನಂಜನಗೂಡಿನಲ್ಲಿ, ಕಪಿಲೆಯ ದಡದಲ್ಲಿ. ಹರಕೆಯ ಮುಡಿಯ ಬಗ್ಗೆ ನನ್ನ ತಕರಾರಿಲ್ಲ. ಅದು ನಂಜುಂಡನಿಗೂ ಅವರಿಗೂ ಬಿಟ್ಟ ವಿಷಯ. ಆದರೆ ಅದೇ ಕೂಸಿಗೆ ದಿನಾ ಬೆಳಗ್ಗೆ ಅತ್ತೆ ಕಡಲೆಹಿಟ್ಟು ಹಚ್ಚಿ ಉಜ್ಜಿ ಉಜ್ಜಿ ನೀರು ಹಾಕುತ್ತಾರೆ. ಯಾಕೆ? ಮೈಮೇಲಿನ ಕೂದಲು ಉದುರಲಿ ಅಂತ. ಅಂದರೆ ಒಂದೇ ಮಗು, ಒಂದೇ ಚರ್ಮ. ಕುತ್ತಿಗೆಯಿಂದ ಮೇಲೆ ಕೆರೆದರೆ ಬೆಳೆಯುತ್ತದೆ, ಕುತ್ತಿಗೆಯಿಂದ ಕೆಳಗೆ ಕೆರೆದರೆ ಉದುರುತ್ತದೆ. ಕೂದಲಿಗೆ ಗಡಿ ವಿವಾದ ಇರೋದು ಗೊತ್ತಿರಲಿಲ್ಲ.

ನಿಜವಾಗಿ ಆಗೋದು ಇಷ್ಟು. ಹುಟ್ಟಿದ ಮಗುವಿನ ಮೈಮೇಲಿನ ನುಣುಪು ರೋಮ ಕೆಲವು ವಾರಗಳಲ್ಲಿ ತಾನಾಗಿ ಉದುರುತ್ತದೆ. ತಲೆಯ ಹುಟ್ಟುಗೂದಲೂ ಮೊದಲ ಕೆಲವು ತಿಂಗಳಲ್ಲಿ ಉದುರಿ, ಅದರ ಜಾಗಕ್ಕೆ ಬೇರೆ ಕೂದಲು ಬರುತ್ತದೆ. ವರ್ಷ ಕಳೆದ ಹಾಗೆ ಅದು ದಪ್ಪವಾಗುತ್ತಾ ಹೋಗುತ್ತದೆ. ಕಡಲೆಹಿಟ್ಟು ಹಚ್ಚಿದರೂ ಅಷ್ಟೇ, ಹಚ್ಚದೆ ಅದರಲ್ಲಿ ಬೋಂಡ ಕರಿದು ತಿಂದರೂ ಅಷ್ಟೇ.

ನಮ್ಮ ಕಡೆಯವರಿಗೆ ಇದು ಅರ್ಥವಾಗಬೇಕಿತ್ತು. ಕಟ್ಟೆ ತುಂಬಿದ ವರ್ಷವೆಲ್ಲ ಕಣ್ಣಾರೆ ನೋಡುತ್ತೇವಲ್ಲ. ಮಳೆ ಬೀಳೋದು ಕೊಡಗಿನಲ್ಲಿ. ನೀರು ಹರಿದು ಬಂದು ಕನ್ನಂಬಾಡಿ ಕಟ್ಟೆಯಲ್ಲಿ 124.80 ಅಡಿ ತುಂಬುತ್ತದೆ. ಆಮೇಲೆ ಕಾರುಗಳು ಬರುತ್ತವೆ, ಬಾಗಿನ ಬಿಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮಾರನೇ ದಿನ ಟೀ ಅಂಗಡಿಯಲ್ಲಿ ಅಭಿಮಾನಿಗಳು, "ಎಲ್ಲಾ ನಮ್ಮ ಸಾಹೇಬರ ಕಾಲ್ಗುಣ" ಅನ್ನುತ್ತಾರೆ. ಬ್ಲೇಡೂ ಅಷ್ಟೇ. ಹದಿಹರೆಯದಲ್ಲಿ ಹುಡುಗರ ಮೈಯಲ್ಲಿ ಹಾರ್ಮೋನಿನ ಮುಂಗಾರು ಜೋರಾಗುತ್ತದೆ. ಗಡ್ಡ ಮೀಸೆ ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತವೆ. ಪೂರ್ತಿ ತುಂಬಿಕೊಳ್ಳೋಕೆ ಕೆಲವರಿಗೆ ಇಪ್ಪತ್ತೈದು ದಾಟುತ್ತದೆ. ಸರಿಯಾಗಿ ಇದೇ ಸಮಯಕ್ಕೆ ಬ್ಲೇಡು ಬಂದು ಬಾಗಿನ ಬಿಡುತ್ತದೆ. ಹೆಸರು ಹೊಡೆದುಕೊಂಡು ಹೋಗುತ್ತದೆ.

ಕಬ್ಬಿನ ವಿಷಯಕ್ಕೆ ಬರೋಣ. ಮಾವನ ವಾದದಲ್ಲಿ ಇದ್ದ ಒಂದೇ ಒಂದು ಸರಕು ಅದು, ತೂಕ ಹಾಕದೆ ಬಿಡಬಾರದು. ಕಬ್ಬು ಕಡಿದಾಗ ನೆಲದೊಳಗೆ ಉಳಿದ ಮೋಟಿನಲ್ಲಿ ಗೆಣ್ಣುಗಳಿವೆ. ಗೆಣ್ಣಿನಲ್ಲಿ ಜೀವ ಇರುವ ಕಣ್ಣುಗಳಿವೆ. ಅವು ಒಡೆದು ಮರಿ ಬರುತ್ತವೆ. ಒಂದಕ್ಕೆ ಹತ್ತು. ಸರಿ. ಕೂದಲಿಗೆ ಗೆಣ್ಣೂ ಇಲ್ಲ, ಕಣ್ಣೂ ಇಲ್ಲ. ಚರ್ಮದ ಕೆಳಗೆ ಒಂದು ಪುಟ್ಟ ಚೀಲ ಇದೆ. ಜೀವ ಇರೋದು ಅದರ ತಳದಲ್ಲಿ. ಅಲ್ಲಿಂದ ಮೇಲೆ ಬಂದು ನಾವು ಎಣ್ಣೆ ಹಾಕಿ ಬಾಚುವುದೆಲ್ಲ ಸತ್ತ ವಸ್ತು. ಉಗುರು, ಕೊಂಬು, ಗೊರಸು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್. ಬ್ಲೇಡು ಮೇಲೆ ಕೊಯ್ದ ಸುದ್ದಿ ಕೆಳಗಿನ ಚೀಲಕ್ಕೆ ಗೊತ್ತೇ ಆಗುವುದಿಲ್ಲ. ನಡುವೆ ತಂತಿ ಎಳೆದಿಲ್ಲ. ಉಗುರು ಕತ್ತರಿಸಿದ್ದಕ್ಕೆ ಯಾರಿಗೂ ಎರಡು ಉಗುರು ಬಂದಿಲ್ಲ ಅಲ್ವಾ?

ಈ ಚೀಲಗಳ ಲೆಕ್ಕವೂ ಹುಟ್ಟುವ ಮುಂಚೆಯೇ ಮುಗಿದಿರುತ್ತದೆ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 50 ಲಕ್ಷ. ಅದರಲ್ಲಿ ತಲೆಗೆ ಸುಮಾರು ಒಂದು ಲಕ್ಷ. ಆಮೇಲೆ ಹೊಸ ಮಂಜೂರಾತಿ ಇಲ್ಲ. ಶಿಫಾರಸು ಪತ್ರ ತಂದರೂ ಇಲ್ಲ.

ಇನ್ನೊಂದು ಮಾತು, ಇದು ಮಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಕೂಳೆ ಕಬ್ಬು ಎಷ್ಟು ಸಲ ಬಿಡುತ್ತಾರೆ? ಎರಡು, ಜಾಸ್ತಿ ಅಂದರೆ ಮೂರು. ಆಮೇಲೆ ಇಳುವರಿ ಬೀಳುತ್ತದೆ ಅಂತ ಅವರೇ ಕೂಳೆ ಕಿತ್ತು, ಉಳುಮೆ ಮಾಡಿಸಿ, ಹೊಸದಾಗಿ ಬಿತ್ತನೆ ಹಾಕಿಸುತ್ತಾರೆ. ಕಬ್ಬಿನ ಸಿದ್ಧಾಂತವನ್ನು ಕೊನೆಯವರೆಗೂ ನಂಬಿದರೆ ಮೂರನೇ ಶೇವಿಂಗಿಗೆ ಹುಡುಗನ ಮೀಸೆ ಇಳುವರಿ ಕಳೆದುಕೊಳ್ಳಬೇಕು. ನಾಲ್ಕನೆಯದಕ್ಕೆ ಟ್ರ್ಯಾಕ್ಟರ್ ಕರೆಸಬೇಕು.

ಇದನ್ನು ಹೇಳಿದೆ. ಮಾವ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಅಂಗಾದ್ರೆ ಬೋಳಿಸಿದ ಮಾರ್ನೇ ದಿನ ಕೈಗೆ ಚುಚ್ಚತದಲ್ಲ, ಅದೇನು?" ಅಂದರು.

ಒಳ್ಳೆ ಪ್ರಶ್ನೆ. ಈ ಸುಳ್ಳು ಬದುಕಿರೋದೇ ಈ ಚುಚ್ಚುವಿಕೆಯಿಂದ. ಮಂಡ್ಯದಲ್ಲಿ ಉತ್ತರಕ್ಕೆ ಲ್ಯಾಬಿಗೆ ಹೋಗಬೇಕಾಗಿಲ್ಲ, ಗದ್ದೆಗೆ ಹೋದರೆ ಸಾಕು. ತೆನೆ ತುಂಬಿದ ಭತ್ತದ ಪೈರಿನ ನಡುವೆ ನಡೆದರೆ ಏನಾಗುತ್ತದೆ? ಪೈರು ಬಳುಕಿ ಕಾಲಿಗೆ ತಾಗುತ್ತದೆ, ಅಷ್ಟೇ. ಕುಯ್ಲಾದ ಮಾರನೇ ದಿನ ಅದೇ ಗದ್ದೆಯಲ್ಲಿ ಬರಿಗಾಲಲ್ಲಿ ನಡೆದು ನೋಡಿ. ಕೂಳೆ ಚುಚ್ಚಿ ರಕ್ತ ಬರುತ್ತದೆ. ರಾತ್ರೋರಾತ್ರಿ ಭತ್ತದ ಕಡ್ಡಿ ದಪ್ಪವಾಯಿತಾ? ಇಲ್ಲ. ಉದ್ದ ಇದ್ದಾಗ ಬಾಗುತ್ತಿತ್ತು, ಈಗ ಗಿಡ್ಡವಾಗಿ ಸೆಟೆದು ನಿಂತಿದೆ. ತುದಿ ಹೋಗಿದೆ, ಬುಡ ಉಳಿದಿದೆ. ಕೂದಲೂ ಹಾಗೇ. ಯಾರೂ ಮುಟ್ಟದ ಕೂದಲಿನ ತುದಿ ಸೂಜಿಯಂತೆ ಸಣ್ಣಗಾಗುತ್ತಾ ಹೋಗಿರುತ್ತದೆ. ಬ್ಲೇಡು ಅದನ್ನು ದಪ್ಪ ಇರುವ ಕಡೆ ಅಡ್ಡ ಕೊಯ್ಯುತ್ತದೆ. ಮೊಂಡು ತುದಿ ಕೈಗೆ ಒರಟು, ಕಣ್ಣಿಗೆ ದಪ್ಪ. ಜೊತೆಗೆ ಹೊಸದಾಗಿ ಮೇಲೆ ಬಂದದ್ದು ಇನ್ನೂ ಬಿಸಿಲು ಸೋಪು ಕಂಡಿಲ್ಲ, ಹಾಗಾಗಿ ಬಣ್ಣ ಮಾಸಿಲ್ಲ. ಕಪ್ಪಗೆ ಕಾಣುತ್ತದೆ.

ಬೇಗ ಬೆಳೆಯುತ್ತದೆ ಅನ್ನೋದೂ ಕಣ್ಣಿನ ಮೋಸ. ಗಡ್ಡ ದಿನಕ್ಕೆ ಬೆಳೆಯೋದು ಅರ್ಧ ಮಿಲಿಮೀಟರಿಗೂ ಕಡಿಮೆ. ಎರಡು ಇಂಚಿನ ಗಡ್ಡದಲ್ಲಿ ಅದನ್ನು ಯಾರು ನೋಡುತ್ತಾರೆ? ಬಟಾಬಯಲಾದ ಕೆನ್ನೆಯಲ್ಲಾದರೆ ಬೆಳಗ್ಗೆಯೇ ಗೊತ್ತಾಗುತ್ತದೆ. ಹೊಸ ಬಡಾವಣೆಯಲ್ಲಿ ಎದ್ದ ಮೊದಲ ಮನೆಯನ್ನು ಊರೆಲ್ಲ ನೋಡುತ್ತದೆ. ನಾನೂರನೆಯ ಮನೆಯ ಗೃಹಪ್ರವೇಶ ಯಾರಿಗೆ ನೆನಪಿರುತ್ತದೆ, ಊಟ ಚೆನ್ನಾಗಿರದಿದ್ದರೆ?

ಮಾವ ಭತ್ತದ ಮಾತನ್ನು ಪೂರ್ತಿ ಕೇಳಿದರು. ಒಪ್ಪಿಕೊಂಡರು ಅಂತಲೂ ಅನ್ನಿಸಿತು. ಆಮೇಲೆ, "ಅದು ಭತ್ತ ಕಣ್ಲಾ. ಇದು ಕೂದ್ಲು," ಅಂದರು. ಕಬ್ಬಿನ ಉದಾಹರಣೆ ಕೊಟ್ಟಾಗ ಅದು ಕೂದಲಾಗಿತ್ತು, ಭತ್ತದ್ದು ಬಂದಾಗ ಭತ್ತವಾಯಿತು. ಬೆಂಚಿನವರು ಅದಕ್ಕೂ ತಲೆಯಾಡಿಸಿದರು.

ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಿಲ್ಲವಾ? ಮಾಡಿದ್ದಾರೆ, ಅದೂ ನಮ್ಮ ಮಂಡ್ಯ ಜಿಲ್ಲೆ ಹುಟ್ಟುವ ಮುಂಚೆ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಅನ್ನುವ ಅಂಗರಚನಾ ತಜ್ಞೆ 1928ರಲ್ಲೇ ಗಂಡಸರ ಗಡ್ಡ ಬೋಳಿಸಿ, ಕೂದಲನ್ನು ಅಳತೆ ಮಾಡಿ ನೋಡಿದರು. ದಪ್ಪವೂ ಆಗಲಿಲ್ಲ, ಬೇಗವೂ ಬರಲಿಲ್ಲ. ಆಗ ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ನಡೆಯುತ್ತಿತ್ತು. ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ಮಂಡ್ಯ ಜಿಲ್ಲೆಯಾಗಿದ್ದು 1939ರಲ್ಲಿ. ಕಟ್ಟೆ ತುಂಬಿತು, ಬತ್ತಿತು, ಮತ್ತೆ ತುಂಬಿತು. ಕಾರ್ಖಾನೆ ನಿಂತಿತು, ಮತ್ತೆ ಹೊರಟಿತು. ಈ ಸುಳ್ಳು ಮಾತ್ರ ಒಂದು ದಿನ ಕ್ರಷಿಂಗ್ ನಿಲ್ಲಿಸಿಲ್ಲ.

1970ರಲ್ಲಿ ಮತ್ತೊಂದು ಪರೀಕ್ಷೆ ನಡೆಯಿತು. ಇದು ನನಗೆ ಬಹಳ ಇಷ್ಟ. ಐದು ಜನ ಆರೋಗ್ಯವಂತ ಯುವಕರು. ವಾರಕ್ಕೊಮ್ಮೆ ಅವರ ಒಂದು ಕಾಲನ್ನು ಮಾತ್ರ ಬೋಳಿಸುವುದು. ಇನ್ನೊಂದು ಕಾಲನ್ನು ಹಾಗೇ ಬಿಡುವುದು. ಹೀಗೆ ತಿಂಗಳುಗಟ್ಟಲೆ. ಕೊನೆಗೆ ಎರಡೂ ಕಾಲಿನ ಕೂದಲಿನ ತೂಕ, ದಪ್ಪ, ಬೆಳೆಯುವ ವೇಗ ನೋಡಿದರು. ವ್ಯತ್ಯಾಸವೇ ಇರಲಿಲ್ಲ. ವಿಜ್ಞಾನಕ್ಕಾಗಿ ಪ್ರಾಣ ಕೊಟ್ಟವರ ಕಥೆ ಶಾಲೆಯಲ್ಲಿ ಓದಿದ್ದೇವೆ. ಒಂದು ಕಾಲು ನುಣ್ಣಗೆ, ಒಂದು ಕಾಲು ಕರಡಿಯ ಹಾಗೆ ಇಟ್ಟುಕೊಂಡು ತಿರುಗಾಡಿದ ಈ ಐವರಿಗೆ ಒಂದು ಪಾಠವೂ ಇಲ್ಲ. ನಮ್ಮ ಪೇಟೆ ಬೀದಿಯಲ್ಲಿ ಒಬ್ಬ ಹುಡುಗ ಹೀಗೆ ಪಂಚೆ ಎತ್ತಿ ಕಟ್ಟಿ ನಡೆದಿದ್ದರೆ ಸಂಜೆಯೊಳಗೆ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋಗಿರುತ್ತಿದ್ದರು.

ಅದೇ 1970ರಲ್ಲಿ 'ನೇಚರ್' ಅನ್ನುವ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಒಬ್ಬ ತನ್ನ ಗಡ್ಡದ ಬಗ್ಗೆಯೇ ಬರೆದ. ಕೆಲಸದ ಮೇಲೆ ವಾರಗಟ್ಟಲೆ ಒಂದು ದ್ವೀಪದಲ್ಲಿ ಒಂಟಿಯಾಗಿ ಇರುತ್ತಿದ್ದನಂತೆ. ದಿನಾ ಎಲೆಕ್ಟ್ರಿಕ್ ಶೇವರಿನಲ್ಲಿ ಬಿದ್ದ ಗಡ್ಡದ ಪುಡಿಯನ್ನು ತಕ್ಕಡಿಗೆ ಹಾಕಿ ತೂಗುತ್ತಿದ್ದ. ದ್ವೀಪದಲ್ಲಿ ಗಡ್ಡ ಮಂಕು. ಊರಿಗೆ ಹೊರಡುವ ದಿನ ಹತ್ತಿರ ಬಂದ ಹಾಗೆ, ಗೆಳತಿ ಸಿಗುತ್ತಾಳೆ ಅನ್ನುವ ಯೋಚನೆಗೇ ಗಡ್ಡ ಜೋರು. ಹಾರ್ಮೋನಿನ ಮಹಿಮೆ ಇರಬೇಕು ಅಂತ ಬರೆದ. ಹೆಸರು ಮಾತ್ರ ಹಾಕಲಿಲ್ಲ. ಮರ್ಯಾದಸ್ಥ. ಅವನೂ ದಿನಾ ಬೋಳಿಸುತ್ತಿದ್ದ, ಗಮನಿಸಿ. ಬ್ಲೇಡಿನಿಂದ ಬೆಳೆಯುವ ಹಾಗಿದ್ದರೆ ದ್ವೀಪದಲ್ಲೂ ಬೆಳೆಯಬೇಕಿತ್ತಲ್ಲ? ಈ ಉದಾಹರಣೆಯನ್ನು ಮಾವನ ಮುಂದೆ ಹೇಳಲಿಲ್ಲ. ಹುಡುಗನೂ ಅಲ್ಲೇ ಕೂತಿದ್ದ.

2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡಾಕ್ಟರುಗಳೇ ನಂಬಿಕೊಂಡಿರುವ ಏಳು ಸುಳ್ಳುಗಳ ಪಟ್ಟಿ ಬಂತು. ಬೋಳಿಸಿದರೆ ದಟ್ಟವಾಗುತ್ತದೆ ಅನ್ನೋದು ಅದರಲ್ಲಿತ್ತು. ಡಾಕ್ಟರುಗಳೇ! ಇನ್ನು ನಮ್ಮ ಮಾವನನ್ನು ಏನಂತ ಅನ್ನೋದು.

ಆದರೂ ಒಂದು ಪ್ರಶ್ನೆ ಕೇಳದೆ ಇರೋಕೆ ಆಗಲಿಲ್ಲ. ಮಾವನ ನೆತ್ತಿ. ಮೂವತ್ತೈದರ ವಯಸ್ಸಿಗೇ ಅಲ್ಲಿ ಬರ ಬಿದ್ದಿತ್ತು. ವರ್ಷಕ್ಕೊಂದು ಸಲ ನಂಜನಗೂಡಿಗೋ ಮಾದಪ್ಪನ ಬೆಟ್ಟಕ್ಕೋ ಹೋಗಿ ಮುಡಿ ಕೊಟ್ಟು ಬರುತ್ತಾರೆ. ಇಪ್ಪತ್ತು ವರ್ಷದಿಂದ ತಪ್ಪಿಸಿಲ್ಲ. ಸಿದ್ಧಾಂತದ ಪ್ರಕಾರ ಇಷ್ಟು ಹೊತ್ತಿಗೆ ಅವರ ತಲೆ ನಾಗರಹೊಳೆ ಆಗಿ, ಒಳಗೆ ಹೋಗೋಕೆ ಅರಣ್ಯ ಇಲಾಖೆಯ ಪಾಸ್ ಬೇಕಾಗುತ್ತಿತ್ತು.

"ಅದು ಬೋರ್ ನೀರಿಂದ," ಅಂದರು ಮಾವ. ಒಂದು ಕ್ಷಣವೂ ತಡಮಾಡಲಿಲ್ಲ.

ಅಂದರೆ ಬಂದರೆ ಬ್ಲೇಡಿನ ಕೈಗುಣ, ಹೋದರೆ ಬೋರ್ ನೀರಿನ ದೋಷ. ಹೀಗೆ ಲೆಕ್ಕ ಬರೆಯುವವರನ್ನು ಯಾವ ಆಡಿಟರೂ ಹಿಡಿಯಲಾರ.

ಬ್ಯೂಟಿ ಪಾರ್ಲರುಗಳಲ್ಲಿ ಇದರದ್ದೇ ತಂಗಿಯಂಥ ಸುಳ್ಳೊಂದು ಓಡಾಡುತ್ತದೆ. ರೇಜರಿನಿಂದ ಒರಟಾಗುತ್ತದೆ, ವ್ಯಾಕ್ಸ್ ಮಾಡಿಸಿ, ಮೆತ್ತಗೆ ಬರುತ್ತದೆ ಅಂತ. ವ್ಯಾಕ್ಸ್ ಕೂದಲನ್ನು ಬುಡಸಮೇತ ಕೀಳುತ್ತದೆ. ಹೊಸದು ತನ್ನ ಚೂಪು ತುದಿಯೊಂದಿಗೇ ಬರುತ್ತದೆ, ವಾರಗಳ ಮೇಲೆ. ಅದಕ್ಕೇ ಮೆತ್ತಗೆ. ಅಷ್ಟಕ್ಕೆ ಕಣ್ಣಲ್ಲಿ ನೀರು ಬರಿಸಿಕೊಂಡು ದುಡ್ಡೂ ಕೊಡಬೇಕು.

ನಗು ಬರದ ಭಾಗವೊಂದಿದೆ. ಮಾವನ ಆ ಎರಡನೇ ಮಗಳು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು. ಗಲ್ಲದ ಮೇಲೆ ಗಟ್ಟಿ ಕೂದಲು ಬರುತ್ತಿದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ ಅಂತ. ಮನೆಯಲ್ಲಿ ಎಲ್ಲರಿಗೂ ಅಪರಾಧಿ ಸಿಕ್ಕಿದ್ದ, ಗುಲಾಬಿ ರೇಜರ್. ಅದನ್ನು ಕಸಕ್ಕೆ ಎಸೆದು, ಕಸ್ತೂರಿ ಅರಿಶಿನ ಹಚ್ಚಿಸಿ ಕೇಸು ಮುಗಿಸಿದರು. ಕೊನೆಗೆ ನನ್ನ ಹೆಂಡತಿಯೇ ಅವಳನ್ನು ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿದಳು. ಪಿಸಿಓಎಸ್. ಅಂಡಾಶಯ, ಹಾರ್ಮೋನು, ತೂಕ, ಸಕ್ಕರೆ ಎಲ್ಲಕ್ಕೂ ನಂಟಿರುವ ತೊಂದರೆ. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು ಗಟ್ಟಿಯಾಗುವುದು ಅದರ ಗುರುತು. ರೇಜರಿನ ಜೊತೆ ಜಗಳ ಆಡುತ್ತಾ ಒಂದು ವರ್ಷ ಕಳೆದಿತ್ತು. ಆ ಹುಡುಗಿಗೆ ಯಾರೂ ಸಾರಿ ಕೇಳಲಿಲ್ಲ. ರೇಜರಿಗಂತೂ ಇಲ್ಲವೇ ಇಲ್ಲ.

ಕಟಿಂಗ್ ಶಾಪಿಗೆ ವಾಪಸ್ ಬರೋಣ. ಅಂಗಡಿಯವನು ಇಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ನೊರೆ ಹಚ್ಚುತ್ತಿದ್ದ, ಒರೆಸುತ್ತಿದ್ದ, ಮತ್ತೆ ಹಚ್ಚುತ್ತಿದ್ದ. "ನೀವೇ ಹೇಳಿ, ಬೋಳಿಸಿದ್ರೆ ಜಾಸ್ತಿ ಬರುತ್ತಾ?" ಅಂತ ಕೇಳಿದೆ.

"ನಾನ್ಯಾಕೆ ಬರಲ್ಲ ಅನ್ಲಿ ಸಾರ್," ಅಂದ. "ಗಿರಾಕಿ ವಾರಕ್ಕೆರಡು ಸಲ ಬತ್ತಾವ್ರೆ."

ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಅವನ ಅಪ್ಪ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಮೊದಲು ಆ ಅಂಗಡಿ ನಡೆಸುತ್ತಿದ್ದವರು. ಅವರ ಕಾಲದಲ್ಲಿ ಮುರಿದು ಹಾಕುವ ಅರ್ಧ ಬ್ಲೇಡ್ ಇರಲಿಲ್ಲ, ಮಡಚುವ ಕತ್ತಿ. ಸಾಣೆ ಹಿಡಿದು, ಚರ್ಮದ ಪಟ್ಟಿಗೆ ಉಜ್ಜಿ, ಹರಿತ ಬಂತೋ ಇಲ್ಲವೋ ಅಂತ ತಮ್ಮ ಮುಂಗೈಯ ಕೂದಲ ಮೇಲೆ ಒಂದು ಸಲ ಎಳೆದು ನೋಡೋರು. ಬಲಗೈಯಲ್ಲಿ ಕತ್ತಿ, ಹಾಗಾಗಿ ಬೋಳಾಗುತ್ತಿದ್ದದ್ದು ಯಾವಾಗಲೂ ಎಡಗೈ. ದಿನಕ್ಕೆ ಐದಾರು ಸಲ. ಮೂವತ್ತೆಂಟು ವರ್ಷ.

"ನೋಡ್ಕಳಪ್ಪ," ಅಂತ ಅಜ್ಜ ಅಂಗಿಯ ತೋಳು ಸರಿಸಿ ಎರಡೂ ಕೈ ಮುಂದೆ ಚಾಚಿದರು.

ಆ ಐದು ಜನರ ಕಾಲುಗಳು ಗುತ್ತಲು ರಸ್ತೆಗೆ ನಡೆದು ಬಂದ ಹಾಗಿತ್ತು. ಎರಡು ಮುಂಗೈ. ಎರಡರಲ್ಲೂ ಅಷ್ಟೇ ತೆಳುವಾದ, ಅಷ್ಟೇ ನರೆತ ಕೂದಲು. ಬೆಂಚಿನವರೂ ಎದ್ದು ಬಂದು ಬಗ್ಗಿ ನೋಡಿದರು. ಈ ಸಲ ಯಾರೂ ತಲೆಯಾಡಿಸಲಿಲ್ಲ.

ಮಾವ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಅಜ್ಜನ ಎದುರು ಕುಕ್ಕರಗಾಲಲ್ಲಿ ಕೂತು, ಸೊಸೈಟಿ ಚುನಾವಣೆಯ ಮತ ಎಣಿಸುವವರ ಹಾಗೆ ಒಂದು ಕೈ ನೋಡಿದರು, ಇನ್ನೊಂದು ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಊಂ. ಎಡಗೈದು ಒಂದ್ ಚೂರು ಜಾಸ್ತಿ ಕಾಣ್ತದಲ್ಲ," ಅಂತ ಒಂದು ಕೈಯನ್ನು ಮುಟ್ಟಿ ತೋರಿಸಿದರು.

"ಅದು ಬಲಗೈ ಕಣಪ್ಪ," ಅಂದರು ಅಜ್ಜ.

ಮಾವ ಎದ್ದರು. ಕನ್ನಡಕ ಒರೆಸಿ ಜೇಬಿಗೆ ಇಟ್ಟುಕೊಂಡರು. ಕನ್ನಡಿಯ ಕಡೆ ತಿರುಗಿ, "ಇನ್ನೊಂದ್ ಕಿತ ಉಲ್ಟಾ ಎಳುದ್ಬುಡು," ಅಂದರು.